ಫಿಲಿಪ್ಪೀನ್ಸಿನ ಮಾವು: ಘೋಷಣೆಯಿಲ್ಲದ ರಾಷ್ಟ್ರೀಯ ಹಣ್ಣು



ಫಿಲಿಪ್ಪೀನ್ಸ್ ದೇಶದ ಶಾಲಾಮಕ್ಕಳನ್ನು ನಿಮ್ಮ ರಾಷ್ಟ್ರೀಯ ಹಣ್ಣು ಯಾವುದೆಂದು ಕೇಳಿದರೆ ‘ಮಂಗ್ಗಾ’ ಎಂಬ ಉತ್ತರ ಬರುತ್ತದೆ. ಮಾವಿಗೆ ಅಲ್ಲಿಯ ಹೆಸರು ಅದು. ತಮಿಳು, ಮಲಯಾಳಗಳ ‘ಮಾಂಗಾಯ್’, ‘ಮಾಂಗ’ ಎಂಬ ಪದವು ವ್ಯಾಪಾರದ ಹಡಗುಗಳನ್ನೇರಿ, ಮಲಯ ಭಾಷೆಯನ್ನು ಹಾದು ಆ ದ್ವೀಪಗಳನ್ನು ಸೇರಿತು. ಕನ್ನಡದ ಮಾವಿನಕಾಯಿಯೂ ಅದೇ ಕುಲದ ಮಾತು.

ಆದರೆ ಆ ದೇಶದ ಸರಕಾರಿ ದಫ್ತರಗಳಲ್ಲಿ ಮಾವನ್ನು ರಾಷ್ಟ್ರೀಯ ಹಣ್ಣೆಂದು ಸಾರಿದ ಕಾನೂನಾಗಲಿ, ಘೋಷಣೆಯಾಗಲಿ ಇಲ್ಲ. ರಾಷ್ಟ್ರೀಯ ಪ್ರಾಣಿಯೆಂದು ಹೆಸರಾದ ಉಳುಮೆಯ ಕೋಣ, ರಾಷ್ಟ್ರೀಯ ಮೀನೆಂದು ಹೆಸರಾದ ಬಾಂಗುಸ್, ಇವುಗಳ ಸ್ಥಿತಿಯೂ ಅಷ್ಟೆ. ಇನ್ನೂ ಆಶ್ಚರ್ಯವೆಂದರೆ, ಹೊಸೆ ರಿಸಾಲರನ್ನು ರಾಷ್ಟ್ರವೀರನೆಂದು ಹೆಸರಿಸಿದ ಪ್ರತ್ಯೇಕ ಶಾಸನವೂ ಇಲ್ಲ. 2014ರಲ್ಲಿ ಇವೆಲ್ಲಕ್ಕೂ ಅಧಿಕೃತ ಪಟ್ಟ ಕಟ್ಟುವ ಮಸೂದೆಯೊಂದು ಅಲ್ಲಿಯ ಪ್ರತಿನಿಧಿ ಸಭೆಯಲ್ಲಿ ಮಂಡನೆಯಾಯಿತು, ಅದು ಕಾನೂನಾಗಲಿಲ್ಲ.

ಘೋಷಣೆ ದೊರೆತವುಗಳ ಗತಿಯೇನು? 1934ರಲ್ಲಿ, ದೇಶವು ಅಮೆರಿಕದ ಆಡಳಿತದಲ್ಲಿದ್ದಾಗ, ಗವರ್ನರ್ ಜನರಲ್ ಫ್ರಾಂಕ್ ಮರ್ಫಿ ಒಂದೇ ಘೋಷಣೆಯಿಂದ ಸಂಪಗಿತವನ್ನು ರಾಷ್ಟ್ರೀಯ ಹೂವೆಂದೂ ನಾರ್ರಾವನ್ನು ರಾಷ್ಟ್ರೀಯ ಮರವೆಂದೂ ಸಾರಿದರು. ಸಂಪಗಿತವೆಂಬ ಹೆಸರು ಕೇಳಿ ಸಂಪಿಗೆಯೆಂದು ಭಾವಿಸಬಾರದು. ಅದು ಇಲ್ಲಿಯ ದುಂಡುಮಲ್ಲಿಗೆಯೇ. ನಾರ್ರಾ ಮಲೆನಾಡಿನ ಹೊನ್ನೆಮರದ ದಾಯಾದಿ, ಒಂದೇ ಕುಲಕ್ಕೆ ಸೇರಿದ್ದು. ಹೊನ್ನೆಯಂತೆ ಅದನ್ನೂ ಕಡಿದರೆ ಕೆಂಪು ರಸ ಒಸರುತ್ತದೆ. ಹೊನ್ನೆಯಂತೆ ಅದರ ನಾಟಾಕ್ಕೂ ಬೆಲೆ ಹೆಚ್ಚು. ಆ ಬೆಲೆಯೇ ಅದಕ್ಕೆ ಮುಳುವಾಯಿತು. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ದೇಶದ ಮೂರರಲ್ಲಿ ಎರಡು ಪಾಲಿನಷ್ಟು ನೆಲವನ್ನು ಆವರಿಸಿದ್ದ ಕಾಡು, ಶತಮಾನ ಮುಗಿಯುವ ಹೊತ್ತಿಗೆ ಸುಮಾರು ನಾಲ್ಕನೆಯ ಒಂದು ಪಾಲಿಗೆ ಇಳಿದಿತ್ತು. ರಾಷ್ಟ್ರೀಯ ಮರವು ಇಂದು ಅಳಿವಿನಂಚಿನ ಮರಗಳ ಪಟ್ಟಿಯಲ್ಲಿದೆ.

1995ರಲ್ಲಿ ಅಧ್ಯಕ್ಷ ಫಿಡೆಲ್ ರಾಮೋಸ್ ಅವರು ಫಿಲಿಪ್ಪೀನ್ ಹದ್ದನ್ನು ರಾಷ್ಟ್ರೀಯ ಪಕ್ಷಿಯೆಂದು ಘೋಷಿಸಿದರು. ಈ ಹದ್ದು ಎರಡು ವರ್ಷಕ್ಕೊಮ್ಮೆ ಒಂದೇ ಮೊಟ್ಟೆಯಿಡುತ್ತದೆ. ಒಂದು ಜೋಡಿಯ ಬಾಳುವೆಗೆ ಸಾವಿರಾರು ಎಕರೆ ಕಾಡು ಬೇಕು. 2023ರಲ್ಲಿ ಪ್ರಕಟವಾದ ಅಂದಾಜಿನಂತೆ ಉಳಿದಿರುವುದು ಸುಮಾರು 392 ಜೋಡಿಗಳು. ಗೂಡು ಕಟ್ಟುವ ಹೆಮ್ಮರವೇ ಇಲ್ಲದ ಮೇಲೆ ಘೋಷಣೆಯ ಕಾಗದದ ಮೇಲೆ ಹಕ್ಕಿ ಕೂರಲಾರದು.

ಇನ್ನು ಕಾಗದವೇ ಇಲ್ಲದ ಮಾವಿನ ಸಂಗತಿ. ಅಲ್ಲಿಯ ಮುಖ್ಯ ತಳಿಗೆ ‘ಕಾರಬಾವ್’ ಎಂದು ಹೆಸರು. ಕಾರಬಾವ್ ಎಂದರೆ ಗದ್ದೆ ಉಳುವ ಆ ಕೋಣವೇ. ಹೊನ್ನಿನ ಬಣ್ಣದ, ನಾರಿಲ್ಲದ, ತೆಳು ಗೊರಟಿನ ಈ ಹಣ್ಣಿಗೆ ಕೋಣನ ಹೆಸರಿಟ್ಟ ಜನರ ಮನಸ್ಸನ್ನು ಮೆಚ್ಚಬೇಕು: ಬದುಕಿಗೆ ಹತ್ತಿರವಾದ ಎರಡನ್ನು ಒಂದೇ ಹೆಸರಿನಿಂದ ಕರೆದರು. ಈ ತಳಿಯ ಗೊರಟಿಗೊಂದು ವಿಶೇಷ ಗುಣವಿದೆ. ಒಂದು ಗೊರಟಿನಿಂದ ಹಲವು ಸಸಿಗಳು ಹುಟ್ಟುತ್ತವೆ. ಅವುಗಳಲ್ಲಿ ಹೆಚ್ಚಿನವು ತಾಯಿಮರದ ತದ್ರೂಪ. ಮಲೆನಾಡಿನ ಅಪ್ಪೆಮಿಡಿಯ ಗೊರಟನ್ನು ನೆಟ್ಟವರಿಗೆ ಅದೇ ಪರಿಮಳದ ಮಿಡಿ ದೊರೆಯುವ ಭರವಸೆಯಿಲ್ಲ, ಕಸಿಯನ್ನೇ ಕಟ್ಟಬೇಕು. ಕಾರಬಾವ್ ಮಾವಿನಲ್ಲಿ ಬಡವನು ತಿಂದೆಸೆದ ಗೊರಟೂ ಅದೇ ಹಣ್ಣಿನ ಮರವಾಗಬಲ್ಲುದು. ಆದುದರಿಂದ ಅದು ದೊಡ್ಡ ತೋಟಗಳಿಗಷ್ಟೇ ಸೀಮಿತವಾಗದೆ ಹಿತ್ತಿಲುಗಳಲ್ಲಿಯೂ ಹರಡಿತು. ಸ್ಪೇನಿನ ಹಡಗುಗಳು ಅದನ್ನು ಶಾಂತಸಾಗರದಾಚೆಗೆ ಒಯ್ದವು; ಮೆಕ್ಸಿಕೋದಲ್ಲಿ ಇಂದಿಗೂ ‘ಮನಿಲಾ’ ಎಂಬ ಹೆಸರಿನ ಮಾವು ಇದೆ.

ಆದರೆ ಈ ಮರ ತನ್ನಿಚ್ಛೆಯಂತೆ ಹೂ ಬಿಡುವುದು. ಒಂದು ವರ್ಷ ತುಂಬಿ ತೂಗಿದರೆ ಮರುವರ್ಷ ಬರಿಗೈ. ಅದನ್ನು ಒಲಿಸಿಕೊಳ್ಳಲು ಅಲ್ಲಿಯ ಹಿರಿಯರು ಕಂಡುಕೊಂಡಿದ್ದ ಉಪಾಯ ಹೊಗೆ. ಗಾಳಿ ಬೀಸುವ ಮಗ್ಗುಲನ್ನು ನೋಡಿ ಮರದಡಿಯಲ್ಲಿ ತರಗೆಲೆ, ಹಸಿಹುಲ್ಲು, ಭತ್ತದ ಹೊಟ್ಟುಗಳ ರಾಶಿ ಹಾಕಿ, ಜ್ವಾಲೆ ಏಳದಂತೆ ಕಾದು, ಹೊಗೆಯನ್ನಷ್ಟೇ ಕೊಂಬೆಗಳೊಳಗೆ ಹರಿಯಿಸುತ್ತಿದ್ದರು. ಹಗಲೂ ರಾತ್ರಿಯೂ, ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ಈ ಕಾವಲು ನಡೆಯುತ್ತಿತ್ತು. ಮೊಗ್ಗು ಕಾಣದಿದ್ದರೆ ಬಿಟ್ಟು, ಕೆಲಕಾಲದ ಮೇಲೆ ಮತ್ತೆ ಮೊದಲಿನಿಂದ. ಹೊಗೆಯಲ್ಲಿರುವ ಎಥಿಲೀನ್ ಅನಿಲವೇ ಮರವನ್ನು ಹೂವಿಗೆ ಎಬ್ಬಿಸುತ್ತದೆಂದು ವಿಜ್ಞಾನಿಗಳು ಮುಂದೆ ವಿವರಿಸಿದರು. ಹೊಗೆ ಕುಡಿದು ಕಣ್ಣು ಕೆಂಪಾಗಿಸಿಕೊಂಡವರಿಗೆ ಕಾರಣ ತಿಳಿದಿರಲಿಲ್ಲ, ಕೆಲಸ ತಿಳಿದಿತ್ತು.

1970ರ ದಶಕದ ಆರಂಭದಲ್ಲಿ ಲೋಸ್ ಬಾನ್ಯೋಸ್‌ನ ಕೃಷಿ ವಿದ್ಯಾಲಯದ ತೋಟಗಾರಿಕಾ ವಿಜ್ಞಾನಿ ರಾಮೋನ್ ಬಾರ್ಬಾ ಈ ಶ್ರಮಕ್ಕೆ ಕೊನೆ ಹಾಡಿದರು. ಅವರು ಬಳಸಿದ್ದು ಪೊಟ್ಯಾಸಿಯಂ ನೈಟ್ರೇಟ್, ಅಂದರೆ ಮದ್ದಿಗೆ ಬೆರೆಸುವ ಪೆಟ್ಲುಪ್ಪು. ನೂರು ಲೀಟರ್ ನೀರಿಗೆ ಒಂದು ಕಿಲೋದಷ್ಟು ಕರಗಿಸಿ, ಚೆನ್ನಾಗಿ ಬಲಿತ ಎಲೆಗಳಿರುವ ಮರಕ್ಕೆ ಒಮ್ಮೆ ಸಿಂಪಡಿಸಿದರೆ ವಾರವೊಂದರಲ್ಲಿ ಮೊಗ್ಗು ಉಬ್ಬುತ್ತದೆ. ಸುಮಾರು ನಾಲ್ಕು ತಿಂಗಳಿಗೆ ಕಾಯಿ ಕೊಯ್ಲಿಗೆ ಬರುತ್ತದೆ. ಎಲೆ ಬಲಿತಿದೆಯೋ ಇಲ್ಲವೋ ಎಂಬುದನ್ನು ರೈತರು ಅಂಗೈಯಲ್ಲಿ ಹಿಸುಕಿ ನೋಡುತ್ತಾರೆ. ಗರಿಗರಿಯಾಗಿ ಮುರಿದರೆ ಮರ ಸಿದ್ಧ. ಬಾರ್ಬಾ ಈ ವಿಧಾನಕ್ಕೆ ಪೇಟೆಂಟ್ ಪಡೆದರೂ ರೈತರಿಂದ ಗೌರವಧನ ವಸೂಲಿ ಮಾಡಲಿಲ್ಲ. 2014ರಲ್ಲಿ ದೇಶವು ಅವರನ್ನು ರಾಷ್ಟ್ರೀಯ ವಿಜ್ಞಾನಿಯೆಂದು ಗೌರವಿಸಿತು. 2021ರಲ್ಲಿ ಅವರು ನಿಧನರಾದರು. ವಿಜ್ಞಾನವು ರೈತನ ಅಂಗಳಕ್ಕೆ ಹೀಗೆ ಬರಿಗಾಲಲ್ಲಿ ಬರುವುದು ಅಪರೂಪ.

ಇಷ್ಟಾದ ಮೇಲೆ ತೊಡಕು ಬೇರೊಂದು ದಾರಿಯಿಂದ ಬಂದಿತು. ಯಾವ ತಿಂಗಳಲ್ಲಿ ಬೇಕಾದರೂ ಹೂ ಬಿಡಿಸಬಹುದೆಂದಾಗ, ಹಂಗಾಮಿಲ್ಲದ ಹಣ್ಣಿನ ಹೆಚ್ಚಿನ ಬೆಲೆಗಾಗಿ ಮಳೆಗಾಲದ ಬಾಗಿಲಲ್ಲಿಯೂ ಬಿಡಿಸಿದರು. ಮಳೆಯಲ್ಲಿ ತೋಯ್ದ ಹೂಗೊಂಚಲಿಗೆ ಚಿಬ್ಬು ರೋಗ ತಗುಲುತ್ತದೆ, ಜಿಗಿಹುಳು ಮುತ್ತುತ್ತದೆ, ರೈತರು ‘ಕುರಿಕೋಂಗ್’ ಎನ್ನುವ ಸಣ್ಣ ನೊಣವು ಎಳೆಗಾಯಿಯ ಮೈಯಲ್ಲಿ ಕಲೆಯೆಬ್ಬಿಸುತ್ತದೆ. ಒಂದು ಸಿಂಪರಣೆಯು ಹಲವು ಸಿಂಪರಣೆಗಳನ್ನು ಕರೆತಂದಿತು. ಪಂಪು, ಔಷಧಿ, ಆಳುಗಳ ಖರ್ಚನ್ನು ಹೊರಲಾರದ ಹಿತ್ತಿಲ ಒಡೆಯರು ಮರಗಳನ್ನು ಸಿಂಪರಣೆಯ ಗುತ್ತಿಗೆದಾರರಿಗೆ ಪಾಲಿಗೆ ಕೊಟ್ಟರು. ಗುತ್ತಿಗೆದಾರನಿಗೆ ಈ ಬಾರಿಯ ಫಸಲು ಮುಖ್ಯ, ಒಡೆಯನಿಗೆ ಮುಂದಿನ ಇಪ್ಪತ್ತು ವರ್ಷ; ನಡುವೆ ನಿಂತ ಮರ ಮಾತಾಡುವುದಿಲ್ಲ. 2007ರ ಸುಮಾರಿಗೆ ಹತ್ತು ಲಕ್ಷ ಟನ್ ಮುಟ್ಟಿದ್ದ ದೇಶದ ಮಾವಿನ ಫಸಲು ಮುಂದೆ ಇಳಿಯುತ್ತಾ ಬಂದಿತು. ರೋಗ, ಹುಳು, ಹವೆ, ಮುಪ್ಪಾದ ಮರಗಳು, ಕಾರಣಗಳು ಹಲವು. 2019ರಲ್ಲಿ ಇದಕ್ಕೆ ತಿರುವುಮುರುವಾಗಿ, ಎಲ್ ನಿನೋದ ಒಣಹವೆಯಿಂದ ಲುಜಾನ್ ದ್ವೀಪದಲ್ಲಿ ಹೂವೆಲ್ಲ ಕಚ್ಚಿ, ಸುಮಾರು 20 ಲಕ್ಷ ಕಿಲೋ ಹಣ್ಣು ಕೊಳ್ಳುವವರಿಲ್ಲದೆ ಉಳಿಯಿತು. ಬೆಲೆ ಅರ್ಧಕ್ಕೂ ಕೆಳಗೆ ಕುಸಿಯಿತು. ಹೂವನ್ನು ಎಬ್ಬಿಸುವ ಉಪ್ಪು ದೊರೆಯಿತು. ಮಾರುಕಟ್ಟೆಯನ್ನು ಎಬ್ಬಿಸುವ ಉಪ್ಪು ಇನ್ನೂ ಯಾರಿಗೂ ದೊರೆತಿಲ್ಲ.

ಪನಾಯ್ ದ್ವೀಪದ ಮಗ್ಗುಲಲ್ಲಿರುವ ಗಿಮಾರಸ್ ಎಂಬ ಸಣ್ಣ ದ್ವೀಪವು ಬೇರೆಯೇ ದಾರಿ ಹಿಡಿಯಿತು. 1987ರಲ್ಲಿ ಪಲಾವಾನ್ ದ್ವೀಪದ ದಕ್ಷಿಣಭಾಗದಲ್ಲಿ ಮಾವಿನ ತಿರುಳು ಕೊರೆಯುವ ಮೂತಿಹುಳು ಕಾಣಿಸಿಕೊಂಡು, ಅಲ್ಲಿಯ ಹಣ್ಣು ಹೊರಗೆ ಹೋಗದಂತೆ ನಿರ್ಬಂಧ ಬಿದ್ದಿತ್ತು. ಗಿಮಾರಸ್‌ನವರು ಹೊರಗಿನ ಮಾವು ಒಳಗೆ ಬಾರದಂತೆ ತಮ್ಮ ದ್ವೀಪಕ್ಕೇ ಬೇಲಿ ಹಾಕಿಕೊಂಡರು. ಹುಳುವಿಲ್ಲದ ನೆಲವೆಂದು ಖಚಿತವಾದ ಮೇಲೆ ಅಮೆರಿಕವು ಮೊದಲಿಗೆ ಆ ದ್ವೀಪದ ಹಣ್ಣಿಗಷ್ಟೇ ಬಾಗಿಲು ತೆರೆಯಿತು. 2006ರ ಆಗಸ್ಟ್ 11ರಂದು ‘ಸೋಲಾರ್ 1’ ಎಂಬ ತೈಲನೌಕೆ, ಇಪ್ಪತ್ತು ಲಕ್ಷ ಲೀಟರಿಗೂ ಹೆಚ್ಚು ಎಣ್ಣೆ ಹೊತ್ತು, ದ್ವೀಪದ ಬಳಿ ಮುಳುಗಿತು. ಕರಾವಳಿಯ ಕಾಂಡ್ಲಾವನಗಳು ಕಪ್ಪಾದವು, ಮೀನುಗಾರರ ಬಲೆಗಳು ಬರಿದಾದವು. ಯಾವ ಬೇಲಿಗೂ ತಡೆಯಲಾಗದ ಕೇಡು ಅದು. 2023ರಲ್ಲಿ ಗಿಮಾರಸ್ ಮಾವಿಗೆ ಭೌಗೋಳಿಕ ಸೂಚ್ಯಂಕದ ಮಾನ್ಯತೆ ದೊರೆಯಿತು. ಫಿಲಿಪ್ಪೀನ್ಸಿನಲ್ಲಿ ಅಂಥ ನೋಂದಣಿ ಪಡೆದ ಮೊದಲ ಬೆಳೆ ಅದು.

ಹೂವಾದ ಎರಡು ತಿಂಗಳಿಗೆ ಅಲ್ಲಿ ಕಾಯಿಗಳಿಗೆ ಚೀಲ ತೊಡಿಸುವ ಕೆಲಸ ಆರಂಭವಾಗುತ್ತದೆ. ಹಳೆಯ ಪತ್ರಿಕೆಯ ಹಾಳೆಗಳನ್ನು ಅಂಟಿಸಿ ಮಾಡಿದ ಚೀಲಗಳನ್ನು ಹಿಡಿದು ಏಣಿಯೇರಿ, ಕೊಂಬೆಯಿಂದ ಕೊಂಬೆಗೆ ಸಾಗಿ, ಒಂದೊಂದು ಕಾಯಿಯನ್ನೂ ಕೈಯಾರೆ ಸುತ್ತುತ್ತಾರೆ. ಚೀಲ ತೊಟ್ಟ ಕಾಯಿಗೆ ವಿಷದ ಸಿಂಪರಣೆ ಅಷ್ಟು ಬೇಕಾಗುವುದಿಲ್ಲ. ಎದುರು ದಡದ ಇಲೋಇಲೋ ಪಟ್ಟಣದಿಂದ ದೋಣಿಯಲ್ಲಿ ದ್ವೀಪಕ್ಕೆ ಹೋಗುವವರು ಇಂದಿಗೂ ತಮ್ಮ ಕೈಚೀಲದಲ್ಲಿ ಒಂದು ಮಾವಿನಹಣ್ಣನ್ನೂ ಒಯ್ಯುವಂತಿಲ್ಲ.