ದೋಣಿಯೊಳಗಿನ ನೀರಿನ ಮೂಲ



ಕಳೆದ ಬೇಸಿಗೆಯಲ್ಲಿ ಎರಡು ಕುಟುಂಬಗಳು ಕೂಡಿ ಸರೋವರ ವಿಹಾರಕ್ಕೆ ಹೊರಟಿದ್ದೆವು. ನಡುನೀರಿನಲ್ಲಿ ದೋಣಿಯ ತಳದ ಪಂಪು ಕೆಟ್ಟು, ಎಂಜಿನ್ನಿನ ಬುಡದವರೆಗೆ ನೀರು ತುಂಬಿತು. ಜೊತೆಗಿದ್ದ ಮಕ್ಕಳಲ್ಲಿ ಇಬ್ಬರಿಗೆ ಈಜು ಬಾರದು. ಬಕೆಟ್ಟಿನಿಂದ ಎತ್ತಿ ಚೆಲ್ಲುತ್ತ ಹೇಗೋ ದಡ ಸೇರಿದೆವು.

ಸೋರಿಕೆ ಅಂದು ಹುಟ್ಟಿದ್ದಲ್ಲ. ವಾರಗಟ್ಟಲೆ ಪಂಪು ಅದನ್ನು ಮರೆಮಾಚಿತ್ತು. ಜ್ವರ ಇಳಿದ ಮಾತ್ರಕ್ಕೆ ರೋಗ ವಾಸಿಯಾಗದೆಂದು ರೋಗಿಗಳಿಗೆ ಹೇಳುವ ನಾವೇ ಅದನ್ನು ಮರೆತಿದ್ದೆವು.

ಸ್ಟರ್ನ್‌ಡ್ರೈವ್ ದೋಣಿಯಲ್ಲಿ ಎಂಜಿನ್ ಒಳಗೆ, ಪ್ರೊಪೆಲ್ಲರ್ ಹೊತ್ತ ಡ್ರೈವ್ ಹೊರಗೆ. ಹಿಂಬದಿಯ ಗೋಡೆಯನ್ನು ತೂರಿ ಬರುವ ಅವುಗಳ ಜೋಡಣೆಯನ್ನು, ತಿದಿಯಂತೆ ಮಡಿಕೆಗಳುಳ್ಳ ರಬ್ಬರಿನ ಬೆಲ್ಲೋಸ್ ನೀರಿನಿಂದ ಕಾಯುತ್ತದೆ.

ಮೂಲವನ್ನು ಹುಡುಕುವ ಕ್ರಮ ಸರಳವಾದುದು. ತಳವನ್ನು ಒರೆಸಿ ಒಣಗಿಸಿ, ದೋಣಿಯನ್ನು ದಡಕ್ಕೆ ಕಟ್ಟಿ ನೀರಿನಲ್ಲಿ ಬಿಟ್ಟು, ಬಳಿಯಲ್ಲೇ ಕುಳಿತು ಟಾರ್ಚ್ ಹಿಡಿದು ನೋಡಬೇಕು. ಎಂಜಿನ್ ನಿಂತಿರುವಾಗಲೇ ನೀರು ಒಸರಿದರೆ ಬೆಲ್ಲೋಸ್, ತಳದ ಬಿರಡೆ, ಹಿಂಗೋಡೆಯ ಜೋಡಣೆಗಳನ್ನು ಮೊದಲು ಶಂಕಿಸಬೇಕು. ಎಂಜಿನ್ ನಡೆಯುವಾಗ ಮಾತ್ರ ಬಂದರೆ, ಅದನ್ನು ತಂಪಾಗಿಡುವ ನೀರಿನ ಪಂಪು ಮತ್ತು ಕೊಳವೆಗಳನ್ನು ಪರೀಕ್ಷಿಸಬೇಕು.

ನಮ್ಮ ದೋಣಿ ನಿಂತಲ್ಲೇ ಸೋರಿತು. ಮೇಲೆಳೆದು ಡ್ರೈವನ್ನು ಪಕ್ಕಕ್ಕೆ ಪೂರ್ತಿ ತಿರುಗಿಸಿದಾಗ ಬೆಲ್ಲೋಸಿನ ಮಡಿಕೆಯೊಂದರಲ್ಲಿ ಬಿರುಕು ಬಾಯ್ದೆರೆಯಿತು. ನೇರವಾಗಿದ್ದಾಗ ಅದು ಕಾಣುತ್ತಿರಲಿಲ್ಲ. ನೀರು ಹೊಕ್ಕು ಒಳಗಿನ ಗಿಂಬಲ್ ಬೇರಿಂಗ್ ಕೂಡ ತುಕ್ಕು ಹಿಡಿದಿತ್ತು. ಎರಡನ್ನೂ ಬದಲಿಸಿದೆವು.

ಮಕ್ಕಳನ್ನು ಕೂರಿಸಿಕೊಳ್ಳುವ ಮುನ್ನ ಪಂಪು ಎಷ್ಟು ಬಾರಿ ಓಡುತ್ತಿದೆಯೆಂದು ಗಮನಿಸಿರಿ. ಅದೇ ದೋಣಿಯ ನಾಡಿ.