ಹಬ್ಬದ ಮನೆಗೆ ಹೋಗಿ ಬರುವುದು



ಹೆತ್ತವರ ನೆನಪಿಗೆ ಒಂದು ಇಡುಗಂಟು ಇಟ್ಟು, ಅದರ ಬಡ್ಡಿಯಲ್ಲಿ ವರ್ಷಕ್ಕೊಮ್ಮೆ ಊರಿನ ಜನ ಕೂತು ನಾಲ್ಕು ಒಳ್ಳೆಯ ಮಾತು ಕೇಳಲಿ ಎಂದು ಬಯಸುವುದು ದೊಡ್ಡ ಮನಸ್ಸಿನ ಕೆಲಸ. ಆ ಮನಸ್ಸಿಗೆ ಮೊದಲು ನಮಸ್ಕಾರ. ಈ ದತ್ತಿ ಉಪನ್ಯಾಸಕ್ಕೆ ಸಂಘಟಕರು ಕೊಟ್ಟ ವಿಷಯ ಸೌಹಾರ್ದ. ಅದರ ಹರವು ದೊಡ್ಡದು. ನಾನು ಅದರ ಒಂದು ಎಳೆಯನ್ನಷ್ಟೇ ಹಿಡಿದುಕೊಂಡಿದ್ದೇನೆ. ಹಬ್ಬದ ದಿನ ಗೆಳೆಯರ ಮನೆಗೆ, ಅದರಲ್ಲೂ ಬೇರೆ ಧರ್ಮದ, ಬೇರೆ ಜಾತಿಯ ಗೆಳೆಯರ ಮನೆಗೆ ಹೋಗಿ ಬರುವ ಬಳಕೆಯೇ ಆ ಎಳೆ.

ನನ್ನ ಮಾತಿನ ಸಾರವನ್ನು ಮೊದಲೇ ಹೇಳಿಬಿಡುತ್ತೇನೆ. ಹಲವು ಬಗೆಯ ಜನ ಕೂಡಿ ಬಾಳುವ ನಾಡಿನಲ್ಲಿ ಈ ಬಳಕೆ ಎರಡು ಕಡೆಯಿಂದಲೂ ನಡೆಯಬೇಕು. ಅವರು ನಮ್ಮ ಮನೆಗೆ ಬರಬೇಕು, ನಾವು ಅವರ ಮನೆಗೆ ಹೋಗಬೇಕು. ಒಂದೇ ಕಡೆಯಿಂದ ನಡೆದರೆ ಅದು ಉಪಕಾರವಾದೀತು, ಸ್ನೇಹವಾಗದು.

1. ಒಂದೇ ಚಂದ್ರ, ಒಂದೇ ಗದ್ದೆ

2025ರ ಮಾರ್ಚ್ 30, ಭಾನುವಾರ ಯುಗಾದಿ. ಬೇವುಬೆಲ್ಲ ತಿಂದು, ಹೋಳಿಗೆ ಉಂಡ ಮೇಲೆ ಪಡುವಣದ ಅಂಚಿನಲ್ಲಿ ಯುಗಾದಿಯ ಎಳೆಚಂದ್ರನನ್ನು ಹುಡುಕುವುದು ನಮ್ಮ ಅನೇಕ ಊರುಗಳ ರೂಢಿ. ಆ ವರ್ಷ ಅದೇ ಸಂಜೆ ಮುಸ್ಲಿಮರೂ ಅದೇ ದಿಕ್ಕಿಗೆ ಮುಖ ಮಾಡಿ ರಂಜಾನಿನ ಚಂದ್ರನಿಗಾಗಿ ಕಾದಿದ್ದರು. ಚಂದ್ರ ಕಂಡ. ಮಾರನೆಯ ದಿನ ಒಂದು ಮನೆಯಲ್ಲಿ ಹೊಸತೊಡಕು, ಪಕ್ಕದ ಮನೆಯಲ್ಲಿ ಈದ್. ಹಿಂದಿನ ವರ್ಷ, 2024ರ ಏಪ್ರಿಲ್‌ನಲ್ಲೂ ಈ ಎರಡು ಹಬ್ಬಗಳ ನಡುವೆ ಒಂದೆರಡು ದಿನಗಳ ಅಂತರವಷ್ಟೇ ಇತ್ತು.

ಇದು ಲೆಕ್ಕದ ಮಾತು. ಹಿಂದೂ ಪಂಚಾಂಗವೂ ಮುಸ್ಲಿಮರ ಹಿಜರಿ ಪಂಚಾಂಗವೂ ತಿಂಗಳನ್ನು ಎಣಿಸುವುದು ಚಂದ್ರನನ್ನು ನಂಬಿ. ಹನ್ನೆರಡು ಚಾಂದ್ರಮಾಸ ಕೂಡಿದರೆ ಸುಮಾರು 354 ದಿನ. ಸೌರವರ್ಷಕ್ಕೆ ಕಡಿಮೆ ಬೀಳುವ ಹನ್ನೊಂದು ದಿನಗಳನ್ನು ನಾವು ಎರಡು-ಮೂರು ವರ್ಷಕ್ಕೊಮ್ಮೆ ಅಧಿಕಮಾಸ ಸೇರಿಸಿ ಸರಿದೂಗಿಸುತ್ತೇವೆ. ಹಿಜರಿ ಪಂಚಾಂಗದಲ್ಲಿ ಅಧಿಕಮಾಸವಿಲ್ಲ. ಹಾಗಾಗಿ ರಂಜಾನ್ ವರ್ಷವರ್ಷಕ್ಕೂ ಹತ್ತು-ಹನ್ನೊಂದು ದಿನ ಮುಂಚೆ ಬರುತ್ತ, ಸುಮಾರು 33 ವರ್ಷಗಳಲ್ಲಿ ಎಲ್ಲ ಋತುಗಳನ್ನೂ ಸುತ್ತಿ ಬರುತ್ತದೆ. ಈ ಸುತ್ತಿನಲ್ಲಿ ಒಬ್ಬರ ಹಬ್ಬ ಇನ್ನೊಬ್ಬರ ಹಬ್ಬವನ್ನು ಎದುರುಗೊಳ್ಳಲೇಬೇಕು. 2018ರಿಂದ 2020ರವರೆಗೆ ಭಾದ್ರಪದದ ಗಣಪತಿಯೂ ಮೊಹರಂ ತಿಂಗಳೂ ಒಟ್ಟಿಗೇ ಬಂದವು. ಅಂಥ ವರ್ಷಗಳಲ್ಲಿ ಪೊಲೀಸ್ ಠಾಣೆಯಲ್ಲಿ ಶಾಂತಿ ಸಭೆ ನಡೆಯುತ್ತದೆ. ಓಣಿಯ ಹಿರಿಯರು ಒಬ್ಬರ ಮನೆಗೊಬ್ಬರು ಹೋಗಿ ಬರುವ ಊರಿನಲ್ಲಿ ಆ ಸಭೆಯ ಅರ್ಧ ಕೆಲಸ ಮೊದಲೇ ಮುಗಿದಿರುತ್ತದೆ.

ಕರಾವಳಿಗೆ ಬನ್ನಿ. ಸೆಪ್ಟೆಂಬರ್ 8 ಮೇರಿ ಮಾತೆ ಹುಟ್ಟಿದ ದಿನ; ಕೊಂಕಣಿ ಕ್ರೈಸ್ತರಿಗೆ ಅದು ಮೊಂತಿ ಫೆಸ್ತ್, ಕನ್ನಡದಲ್ಲಿ ತೆನೆ ಹಬ್ಬ. ಅದಕ್ಕೆ ಮುಂಚಿನ ದಿನಗಳಲ್ಲಿ ಮಕ್ಕಳು ತಟ್ಟೆ ತುಂಬ ಹೂ ತಂದು ಮಾತೆಗೆ ಅರ್ಪಿಸುತ್ತಾರೆ. ಹಬ್ಬದ ದಿನ ಚರ್ಚಿನಲ್ಲಿ ಹೊಸ ತೆನೆಗೆ ಆಶೀರ್ವಾದವಾಗುತ್ತದೆ. ಮನೆಗೆ ತಂದ ತೆನೆಯ ಕಾಳು ಸುಲಿದು ಪುಡಿ ಮಾಡಿ, ಹಾಲಿಗೋ ಪಾಯಸಕ್ಕೋ ಬೆರೆಸಿ, ಮನೆಮಂದಿ ಎಲ್ಲ ಹಂಚಿಕೊಳ್ಳುತ್ತಾರೆ. ಅಂದಿನ ಊಟ ಸಸ್ಯಾಹಾರ. ಮಳೆ ಹಿಂದೆ ಸರಿಯುವ ಅದೇ ಋತುವಿನಲ್ಲಿ ತುಳುವರ ಮನೆಗಳಿಗೂ ಹೊಸ ತೆನೆ ಬರುತ್ತದೆ. ಬಾಗಿಲಿಗೆ, ಕಂಬಕ್ಕೆ ತೆನೆ ಕಟ್ಟಿ, ಒಳ್ಳೆಯ ದಿನ ನೋಡಿ ಹೊಸ ಅಕ್ಕಿಯ ಊಟ ಮಾಡುತ್ತಾರೆ. ಪ್ರಾರ್ಥನೆ ಬೇರೆ, ಗದ್ದೆ ಒಂದೇ. ಇಂಥ ಕಡೆ ಒಬ್ಬರ ಹಬ್ಬದ ಮನೆ ಇನ್ನೊಬ್ಬರಿಗೆ ಅಪರಿಚಿತ ಎನಿಸುವುದಿಲ್ಲ.

2. ತುಂಬಿ ಬಂದು ತುಂಬಿ ಹೋಗುವ ಪಾತ್ರೆ

ಕ್ರಿಸ್ಮಸ್ಸಿನ ಹೊತ್ತಿಗೆ ಮಂಗಳೂರು, ಉಡುಪಿ ಕಡೆಯ ಕ್ರೈಸ್ತ ಮನೆಗಳಿಂದ ಕುಸ್ವಾರ್ ಎಂಬ ಹಬ್ಬದ ತಿಂಡಿಗಳ ತಟ್ಟೆಗಳು ಹೊರಡುತ್ತವೆ. ನೆವ್ರಿ, ಕಿಡಿಯೊ, ತುಕ್ಡಿ, ಗುಳಿಯೊ, ಚಕ್ಕುಲಿ ತುಂಬಿದ ತಟ್ಟೆಗಳವು. ಚಕ್ಕುಲಿ ಚೌತಿಯಲ್ಲೂ ಇದೆ, ಕುಸ್ವಾರ್‌ನಲ್ಲೂ ಇದೆ. ಯಾರ ಮನೆಯದು ಗರಿಗರಿ ಎಂಬ ಚರ್ಚೆಗೆ ಜಾತಿಮತದ ಹಂಗಿಲ್ಲ. ಮೈಸೂರು ಸೀಮೆಯಲ್ಲಿ ಸಂಕ್ರಾಂತಿಯ ಸಂಜೆ ಹೆಣ್ಣುಮಕ್ಕಳು ಎಳ್ಳು ಬೀರಲು ಹೊರಡುತ್ತಾರೆ. ಎಳ್ಳು, ಬೆಲ್ಲ, ಕೊಬ್ಬರಿ, ಕಡಲೆಬೀಜ, ಸಕ್ಕರೆ ಅಚ್ಚು, ಜೊತೆಗೆ ಒಂದು ತುಂಡು ಕಬ್ಬು. ದಸರೆಯಲ್ಲಿ ಮಕ್ಕಳು "ಗೊಂಬೆ ಕೂರಿಸಿದ್ದೀರಾ?" ಎಂದು ಕೇಳುತ್ತ ಮನೆಮನೆ ಸುತ್ತುತ್ತಾರೆ. ಉತ್ತರ ಕರ್ನಾಟಕದಲ್ಲಿ ವಿಜಯದಶಮಿಯ ಸಂಜೆ ಬನ್ನಿ ಎಲೆ ಕೈಗಿಟ್ಟು "ಬಂಗಾರದಂಗ ಇರೋಣ" ಎನ್ನುತ್ತಾರೆ. ವರ್ಷವಿಡೀ ಮಾತು ಬಿಟ್ಟವರೂ ಆ ಸಂಜೆ ಎದುರಾದರೆ ಬನ್ನಿ ಕೊಡಲೇಬೇಕು.

ನಾನು ಬೆಳೆದ ಓಣಿಯಲ್ಲಿ ರಂಜಾನ್ ಎಂದರೆ ಸುರಕುಂಬಾ. ತುಪ್ಪದಲ್ಲಿ ಹುರಿದ ಸಣ್ಣ ಶ್ಯಾವಿಗೆ, ಗಟ್ಟಿಯಾಗಿ ಕುದಿಸಿದ ಹಾಲು, ಉತ್ತತ್ತಿ, ಗೋಡಂಬಿ, ಚಾರೋಳಿ. ಎದುರು ಮನೆಯ ಚಾಚಿ ಸೆರಗಿನಿಂದ ಮುಚ್ಚಿದ ಡಬರಿ ಹಿಡಿದು ಬಾಗಿಲಿಗೆ ಬಂದು ನಮ್ಮ ಅವ್ವನಿಗೆ, "ಅಕ್ಕಾರ, ಇದು ಬ್ಯಾರೆ ಪಾತೇಲಿದಾಗ ಮಾಡಿದ್ದು, ಹುಡುಗರಿಗೆ ನಿಶ್ಚಿಂತಿಲೆ ಕೊಡ್ರಿ" ಎನ್ನುತ್ತಿದ್ದರು. ಮಾಂಸ ಬೇಯಿಸದ ಪಾತ್ರೆಯೊಂದನ್ನು ನೆರೆಯವರಿಗಾಗಿ ಬೇರೆಯೇ ಇಟ್ಟಿದ್ದರು. ಅವ್ವ ಕೈಯಿಂದ ಡಬರಿ ತಗೊಂಡು, "ಒಳಗ ಬರ್ರಿ" ಎಂದು ಕೂರಿಸಿ ಚಹಾ ಕೊಡುತ್ತಿದ್ದಳು. ಆ ಡಬರಿ ಖಾಲಿಯಾಗಿ ತಿರುಗಿ ಹೋದದ್ದಿಲ್ಲ. ಬೇರೇನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆಯಾದರೂ ಅದರಲ್ಲಿ ಇರುತ್ತಿತ್ತು. ನಾಗರಪಂಚಮಿಗೆ ನಮ್ಮ ಮನೆಯ ಅರಳುಂಡಿ, ತಂಬಿಟ್ಟು ಅವರ ಮನೆಗೆ. ಮಧ್ಯಾಹ್ನ ಜೋಕಾಲಿ ಆಡಲು ಅವರ ಹುಡುಗಿಯರು ನಮ್ಮ ಹಿತ್ತಲಿಗೆ.

ಇನ್ನೊಬ್ಬರ ಮನೆಯಲ್ಲಿ ಬೇಯಿಸಿದ್ದನ್ನು ತಿನ್ನದ ಮನೆಗಳೂ ಇದ್ದವು. ಅಂಥವರಿಗೆ ಶ್ಯಾವಿಗೆ, ಸಕ್ಕರೆ, ದ್ರಾಕ್ಷಿ-ಗೋಡಂಬಿಗಳನ್ನು ಬೇಯಿಸದೆ ಸ್ವಯಂಪಾಕದಂತೆ ಕೊಡುತ್ತಿದ್ದರು. ಆ ನಿಷ್ಠೆಯನ್ನು ನಾನು ಹೊಗಳುತ್ತಿಲ್ಲ. ಕೊಟ್ಟವರ ದೊಡ್ಡತನವನ್ನು ಮಾತ್ರ ನೋಡಿ: ನೀವು ತಿನ್ನುವುದಿಲ್ಲ ಎಂದು ನಾವು ಹಬ್ಬದಿಂದ ನಿಮ್ಮನ್ನು ಬಿಟ್ಟುಬಿಡುವುದಿಲ್ಲ ಎಂದು ಅವರು ಹೇಳಿದಂತಾಯಿತು. ಕೂಡಿ ಬಾಳಲು ಎಲ್ಲರೂ ಒಂದೇ ಅಡುಗೆ ಉಣ್ಣಬೇಕಿಲ್ಲ. ಎದುರಿನವರ ಎಲ್ಲೆ ಯಾವುದು ಎಂದು ತಿಳಿದಿರಬೇಕು, ತಿಳಿದೂ ಕರೆಯಬೇಕು.

ಮನೆಗೆ ಹೋದರೆ ಮಾತ್ರ ತಿಳಿಯುವ ಸಂಗತಿಗಳಿವೆ. ಮೊಹರಂ ಹತ್ತನೆಯ ದಿನ ಕರ್ಬಲಾದಲ್ಲಿ ಹುತಾತ್ಮರಾದ ಇಮಾಮ್ ಹುಸೇನರ ನೆನಪಿನ ದಿನ. ನಮ್ಮ ಬಯಲುಸೀಮೆಯಲ್ಲಿ ಹಿಂದೂಗಳೂ ಮೊಹರಂನಲ್ಲಿ ಕೂರಿಸುವ ಅಲಾಯಿ ದೇವರಿಗೆ ಹರಕೆ ಹೊರುತ್ತಾರೆ, ಮಕ್ಕಳನ್ನು ಫಕೀರರನ್ನಾಗಿ ಮಾಡುತ್ತಾರೆ, ಚೊಂಗೆ ಎಂಬ ಸಿಹಿ ಮಾಡಿ ಹಂಚುತ್ತಾರೆ. ಮುದಗಲ್ಲಿನ ಮೊಹರಂಗೆ ಸುತ್ತಲ ಊರುಗಳೆಲ್ಲ ನೆರೆಯುತ್ತವೆ. ಮುಸ್ಲಿಮರೇ ಇಲ್ಲದ ಹಳ್ಳಿಗಳಲ್ಲೂ ದೇವರು ಕೂಡುತ್ತವೆ. ಅಷ್ಟಿದ್ದರೂ ಅದು ಶೋಕದ ದಿನ. ಕ್ರೈಸ್ತರ ಗುಡ್ ಫ್ರೈಡೇಯೂ ಹಾಗೆಯೇ. ಮೊಬೈಲಿನಲ್ಲಿ "ಮೊಹರಂ ಶುಭಾಶಯ", "ಗುಡ್ ಫ್ರೈಡೇ ಶುಭಾಶಯ" ಎಂದು ಚಿತ್ರ ಕಳಿಸುವವರಿಗೆ ಕೆಟ್ಟ ಮನಸ್ಸಿರುವುದಿಲ್ಲ. ಆ ದಿನ ಆ ಮನೆಯ ಜಗುಲಿಯಲ್ಲಿ ಒಮ್ಮೆ ಕೂತಿದ್ದರೆ ಹಾಗೆ ಕಳಿಸುತ್ತಿರಲಿಲ್ಲ.

3. ಹಿತ್ತಲ ಬಾಗಿಲಿನ ಮಾತು

ಇಷ್ಟು ಹೇಳಿ ನಿಲ್ಲಿಸಿದರೆ ನಾನು ನಿಮಗೆ ಅರ್ಧ ಸತ್ಯ ಹೇಳಿದಂತೆ. ನಮ್ಮ ಹಳ್ಳಿಗಳಲ್ಲಿ ಹಬ್ಬದ ಅಡುಗೆ ದಲಿತರ ಕೇರಿಗೂ ಹೋಗುತ್ತಿತ್ತು, ಆದರೆ ಹಿತ್ತಲ ಬಾಗಿಲಿನಿಂದ. ವರ್ಷವಿಡೀ ಗದ್ದೆಯಲ್ಲಿ ದುಡಿದವರು ಹಬ್ಬದ ದಿನ ಪಾತ್ರೆ ಹಿಡಿದು ಅಂಗಳದಾಚೆ ನಿಂತರೆ ಮೇಲಿನಿಂದ ಹೋಳಿಗೆ ಹಾಕುತ್ತಿದ್ದರು. ಕೊಟ್ಟೆವು ಎಂಬ ಸಮಾಧಾನ ಕೊಟ್ಟವರದು. ಅವರನ್ನು ಒಳಗೆ ಕರೆದು ಕೂರಿಸಿರಲಿಲ್ಲ, ಅವರ ಮನೆಯ ಹಬ್ಬಕ್ಕೆ ಹೋಗಿ ಉಂಡಿರಲಿಲ್ಲ. ಎರಡು ಕಡೆಯಿಂದಲೂ ನಡೆಯಬೇಕು ಎಂದು ನಾನು ಮೊದಲೇ ಹೇಳಿದ್ದು ಇದಕ್ಕೆ.

1936ರಲ್ಲಿ ಲಾಹೋರಿನಲ್ಲಿ ಮಾಡಬೇಕಿದ್ದ ಭಾಷಣವನ್ನು ಅಂಬೇಡ್ಕರರಿಗೆ ಮಾಡಲು ಬಿಡಲಿಲ್ಲ. ಅವರು ಅದನ್ನು ತಾವೇ ಪುಸ್ತಿಕೆಯಾಗಿ ಅಚ್ಚು ಹಾಕಿಸಿದರು. ಜಾತಿ ವಿನಾಶ ಕುರಿತ ಆ ಪುಸ್ತಿಕೆಯಲ್ಲಿ ಅವರು ಸಹಭೋಜನವನ್ನು ತೂಗಿ ನೋಡಿದ್ದಾರೆ. ಒಟ್ಟಿಗೆ ಉಣ್ಣುವ ಜಾತಿಗಳ ನಡುವೆಯೂ ಜಾತಿಯ ಭಾವನೆ ಹಾಗೇ ಉಳಿದಿದೆ, ನಿಜವಾದ ಮದ್ದು ಅಂತರ್ಜಾತಿ ವಿವಾಹ ಎಂಬುದು ಅವರ ನಿಲುವು. ಆ ಮಾತು ಇಂದಿಗೂ ಸುಳ್ಳಾಗಿಲ್ಲ. ಒಂದು ಊಟದಿಂದ ಸಮಾನತೆ ಬಂದುಬಿಡುತ್ತದೆ ಎಂದು ನಾನೂ ಹೇಳಲಾರೆ. ಆದರೆ ಮನೆಯೊಳಗೆ ಬರಗೊಡದವರ ಜೊತೆ ನೆಂಟಸ್ತನ ಬೆಳೆಯುವುದು ಎಲ್ಲಿಂದ? ಹೊಸ್ತಿಲು ದಾಟುವುದು ಆ ಉದ್ದದ ದಾರಿಯ ಮೊದಲ ಹೆಜ್ಜೆ. ಮೊದಲ ಹೆಜ್ಜೆಯನ್ನೇ ಇಡದವರು ಮುಂದಿನ ಹೆಜ್ಜೆಯ ಮಾತಾಡುವಂತಿಲ್ಲ.

4. ಮಲೇಷ್ಯಾದ ತೆರೆದ ಮನೆ

ಇದೇ ಬಳಕೆಗೆ ಹೊರದೇಶದ ಒಂದು ಉದಾಹರಣೆ ನೋಡೋಣ. ಮಲೇಷ್ಯಾದಲ್ಲಿ ಮಲಯರು, ಚೀನೀಯರು, ತಮಿಳರೇ ಹೆಚ್ಚಾಗಿರುವ ಭಾರತೀಯ ಮೂಲದವರು, ಸಾರವಾಕ್ ಮತ್ತು ಸಬಾದ ಆದಿವಾಸಿ ಜನ ಒಟ್ಟಿಗಿದ್ದಾರೆ. 1969ರ ಮೇ 13ರಂದು ಕೌಲಾಲಂಪುರದಲ್ಲಿ ಜನಾಂಗೀಯ ಗಲಭೆ ಭುಗಿಲೆದ್ದು ನೂರಾರು ಜನ ಸತ್ತರು. ಅಂಥ ಗಾಯ ಕಂಡ ದೇಶದಲ್ಲಿ "ರುಮಾ ತೆರ್ಬುಕಾ", ಅಂದರೆ ತೆರೆದ ಮನೆ ಎಂಬ ಪದ್ಧತಿ ಗಟ್ಟಿಯಾಗಿ ಬೇರೂರಿದೆ. ಹರಿ ರಾಯ (ಈದ್), ಚೀನೀ ಹೊಸ ವರ್ಷ, ದೀಪಾವಳಿ, ಕ್ರಿಸ್ಮಸ್ ಯಾವುದೇ ಇರಲಿ, ಆ ಮನೆಯವರು ಬಾಗಿಲು ತೆರೆದು ಗೆಳೆಯರನ್ನೂ ನೆರೆಯವರನ್ನೂ ಸಹೋದ್ಯೋಗಿಗಳನ್ನೂ ಬರಮಾಡಿಕೊಳ್ಳುತ್ತಾರೆ. ಮಲಯರ ಮನೆಯಲ್ಲಿ ಕೆತುಪಾಟ್, ರೆಂಡಾಂಗ್; ತಮಿಳರ ಮನೆಯಲ್ಲಿ ಮುರುಕ್ಕು. ಚೀನೀ ಮನೆಯವರು ಮುಸ್ಲಿಂ ಅತಿಥಿಗಳಿಗಾಗಿ ಹಲಾಲ್ ಊಟ ತರಿಸುತ್ತಾರೆ, ಹಿಂದೂಗಳು ಬರುವರೆಂದು ದನದ ಮಾಂಸದ ಬದಲು ಕೋಳಿಯ ರೆಂಡಾಂಗ್ ಮಾಡುವ ಮಲಯ ಮನೆಗಳಿವೆ. 1996ರಿಂದ 1998ರವರೆಗೆ ಚೀನೀ ಹೊಸ ವರ್ಷವೂ ಹರಿ ರಾಯವೂ ಬೆನ್ನುಬೆನ್ನಿಗೆ ಬಂದಾಗ ಎರಡನ್ನೂ ಸೇರಿಸಿ "ಕೊಂಗ್ಸಿ ರಾಯ" ಎಂದು ಆಚರಿಸಿದರು.

ಅಲ್ಲಿ ಮಂತ್ರಿಗಳೂ ತೆರೆದ ಮನೆ ನಡೆಸುತ್ತಾರೆ. ಸಾವಿರಾರು ಜನ ಸಾಲಿನಲ್ಲಿ ನಿಂತು ಕೈಕುಲುಕಿ ಊಟ ಮಾಡಿ ಹೋಗುತ್ತಾರೆ. ನಮ್ಮ ರಾಜಕಾರಣಿಗಳ ಇಫ್ತಾರ್ ಕೂಟದಂತೆ ಅದಕ್ಕೂ ಒಂದು ಬೆಲೆಯಿದೆ. ಆದರೆ ಮಂತ್ರಿಯ ಮನೆಗೆ ಹೋದವರು ಮರುಹಬ್ಬಕ್ಕೆ ಮಂತ್ರಿಯನ್ನು ಮನೆಗೆ ಕರೆಯುವುದು ಆಗದ ಮಾತು. ಕರೆಯುವ, ಹೋಗುವ, ಮತ್ತೆ ಕರೆಯುವ ಬಾಧ್ಯತೆ ಹುಟ್ಟುವುದು ಸರೀಕರ ನಡುವೆ, ಗೆಳೆಯರ ನಡುವೆ.

5. ಪಕ್ಕದ ಮನೆಯೇ ಇಲ್ಲದಾಗ

ಸಿಂಗಪುರ ಇನ್ನೊಂದು ದಾರಿ ಹಿಡಿಯಿತು. ಅಲ್ಲಿಯ ಬಹುಪಾಲು ಜನ ಸರ್ಕಾರಿ ವಸತಿ ಸಮುಚ್ಚಯಗಳಲ್ಲಿದ್ದಾರೆ. 1989ರಿಂದ ಪ್ರತಿ ಸಮುಚ್ಚಯದಲ್ಲೂ ಪ್ರತಿ ಬಡಾವಣೆಯಲ್ಲೂ ಯಾವ ಸಮುದಾಯ ಎಷ್ಟರಮಟ್ಟಿಗೆ ಇರಬಹುದು ಎಂಬ ಮಿತಿ ಹಾಕಲಾಗಿದೆ. ಆ ನಿಯಮದಿಂದ ಮನೆ ಮಾರುವಾಗ ಅಲ್ಪಸಂಖ್ಯಾತರಿಗೆ ತೊಂದರೆಯಾಗುತ್ತದೆ ಎಂಬ ದೂರೂ ಇದೆ. ಅಂಥ ನಿಯಮವನ್ನು ಇಲ್ಲಿ ತರಬೇಕೆಂದು ನಾನು ಹೇಳುತ್ತಿಲ್ಲ. ಅದರ ಹಿಂದಿನ ತಿಳಿವಳಿಕೆ ಮಾತ್ರ ನಮಗೆ ಬೇಕು: ಅಕ್ಕಪಕ್ಕ ವಾಸವಿಲ್ಲದಿದ್ದರೆ ಹೋಗಿ ಬರುವುದು ಇರುವುದಿಲ್ಲ.

ನಮ್ಮ ನಗರಗಳಲ್ಲಿ ಬಾಡಿಗೆ ಮನೆ ಕೇಳಲು ಹೋದವರಿಗೆ ಮೊದಲ ಪ್ರಶ್ನೆ ಹೆಸರು, ಎರಡನೆಯದು "ನಾನ್‌ವೆಜ್ ಮಾಡ್ತೀರಾ?" ಹೆಸರಿನಲ್ಲಿ ಧರ್ಮ ತಿಳಿಯದಿದ್ದರೆ ಅಡ್ಡಹೆಸರು, ಅದರಲ್ಲೂ ಜಾತಿ ತಿಳಿಯದಿದ್ದರೆ ಊರು. ಉತ್ತರ ಹಿಡಿಸದಿದ್ದರೆ ನಿನ್ನೆ ತಾನೇ ಖಾಲಿಯಾದ ಮನೆ ಇದ್ದಕ್ಕಿದ್ದಂತೆ ಯಾರೋ ನೆಂಟರಿಗೆ ನಿಗದಿಯಾಗಿರುತ್ತದೆ. ಹೀಗೆ ಒಂದೊಂದೇ ಬಾಗಿಲು ಮುಚ್ಚಿ, ಅವರವರು ಅವರವರ ಬಡಾವಣೆ ಸೇರಿಕೊಂಡ ಮೇಲೆ ಹಬ್ಬದ ದಿನ ಡಬರಿ ಹಿಡಿದು ಎದುರು ಮನೆಗೆ ಹೋಗುವವರು ಯಾರು? ಕಂಡೇ ಇರದವರ ಬಗ್ಗೆ ಯಾರು ಏನು ಹೇಳಿದರೂ ನಂಬುತ್ತೇವೆ. ಅವರ ಅಡುಗೆಮನೆಯಲ್ಲಿ ಕೂತು ಉಂಡವರು ಅಷ್ಟು ಬೇಗ ನಂಬುವುದಿಲ್ಲ.

6. ಮಾಡಬಹುದಾದದ್ದು

ಕೊನೆಗೆ ನಿಮ್ಮಲ್ಲಿ ನನ್ನ ಕೆಲವು ವಿನಂತಿಗಳು. ಹಬ್ಬಕ್ಕೆ ಹೋಗುವಾಗ ಮಕ್ಕಳನ್ನು ಕರೆದುಕೊಂಡು ಹೋಗಿ. ದೊಡ್ಡವರು ಭಾಷಣದಲ್ಲಿ ಕಲಿಯದ್ದನ್ನು ಅವರು ಜೊತೆಯ ಮಕ್ಕಳೊಡನೆ ಆಡುತ್ತ ಕಲಿಯುತ್ತಾರೆ. ಏನು ತಿನ್ನುವಿರಿ, ಏನು ತಿನ್ನುವುದಿಲ್ಲ ಎಂದು ಮೊದಲೇ ಹೇಳಿ, ನೀವೂ ಕೇಳಿ, ಅದರಲ್ಲಿ ನಾಚಿಕೆಯಿಲ್ಲ. ಒಮ್ಮೆ ಉಂಡು ಬಂದ ಮನೆಯವರನ್ನು ನಿಮ್ಮ ಹಬ್ಬಕ್ಕೆ ಕರೆಯದೆ ವರ್ಷ ಕಳೆಯಬೇಡಿ. ಹಬ್ಬಕ್ಕೆ ಹೋದ ಮನೆಗೆ ಸಾವುನೋವಿನಲ್ಲೂ ಹೋಗಿ. ನಿಮಗೊಂದು ಬಾಡಿಗೆ ಮನೆಯಿದ್ದರೆ, ಕೇಳಲು ಬಂದವರ ನಡತೆ ನೋಡಿ ಕೊಡಿ. ಜಾತಿ ಕೇಳಬೇಡಿ, ಧರ್ಮ ಕೇಳಬೇಡಿ, ಅವರ ಒಲೆಯ ಮೇಲೆ ಏನು ಬೇಯುತ್ತದೆ ಎಂದೂ ಕೇಳಬೇಡಿ.

ನಿಮ್ಮ ಕಚೇರಿಯಲ್ಲಿ, ಬೀದಿಯಲ್ಲಿ, ಮಗಳ ಶಾಲೆಯಲ್ಲಿ ನೀವು ದಿನವೂ ಮಾತಾಡುವ, ಆದರೆ ಒಮ್ಮೆಯೂ ಅವರ ಮನೆಗೆ ಹೋಗದ ಒಬ್ಬರಾದರೂ ಇದ್ದಾರೆ. ಅವರ ಮುಂದಿನ ಹಬ್ಬ ಯಾವುದು ಎಂದು ನಾಳೆಯೇ ಕೇಳಿ. ಅವರು ಕರೆದರೆ ಹೋಗಿ. ಅವರು ಹಿಂಜರಿದರೆ ನಿಮ್ಮ ಹಬ್ಬಕ್ಕೆ ನೀವೇ ಮೊದಲು ಕರೆಯಿರಿ. ಯಾರೋ ಒಬ್ಬರು ಮೊದಲು ಕರೆಯಲೇಬೇಕು, ಆ ಒಬ್ಬರು ನೀವಾಗಿ.