ಪರ್ಯಾಯದ್ವೀಪದಲ್ಲಿ ನಮ್ಮ ನೆಲೆ
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಕನ್ನಡ ಪಂಡಿತರು ಭೂಗೋಳಕ್ಕೇಕೆ ಕೈಹಾಕಿದರೆಂದು ಕೆಲವರು ಮುಗುಳ್ನಗುತ್ತಿರಬಹುದು. ಆದುದರಿಂದ ಶಬ್ದದಿಂದಲೇ ಆರಂಭಿಸುವೆವು. ದ್ವಿ, ಅಪ್ ಎಂಬೆರಡು ಶಬ್ದಗಳು ಕೂಡಿ ‘ದ್ವೀಪ’ವಾಯಿತು, ಎರಡು ಕಡೆ ನೀರುಳ್ಳದ್ದೆಂದು ಅರ್ಥ. ಮೂರು ಕಡೆ ಕಡಲಿರುವ ನಮ್ಮ ದಕ್ಷಿಣ ನಾಡು ಪರ್ಯಾಯದ್ವೀಪ. ಮಕ್ಕಳು ಇದನ್ನು ಪಾಠದಲ್ಲಿ ಓದಿರುವರು. ಮಂಗಳೂರನ್ನೂ ಚೆನ್ನೈಯನ್ನೂ ಕನ್ಯಾಕುಮಾರಿಯನ್ನೂ ನಕ್ಷೆಯಲ್ಲಿ ತಟ್ಟನೆ ತೋರಿಸುವರು. ನಮ್ಮ ಸೀಮೆಯ ಹೊಲದಲ್ಲಿ ಬಿದ್ದ ಮಳೆ ಯಾವ ಕಡಲನ್ನು ಸೇರುವುದೆಂದು ಕೇಳಿದರೆ ಮಾತ್ರ ತಲೆ ತಗ್ಗಿಸುವರು. ಈ ಕೊರತೆ ಸಣ್ಣದೆಂದು ನಮಗೆ ತೋರುವುದಿಲ್ಲ.

ನಾವಿರುವ ತಾಳವಾಡಿ ಪ್ರಸ್ಥಭೂಮಿಯು ಸಮುದ್ರಮಟ್ಟಕ್ಕಿಂತ 2,000 ಅಡಿಗೂ ಎತ್ತರದಲ್ಲಿದೆ. ಪೂರ್ವ ಪಶ್ಚಿಮ ಘಟ್ಟಗಳೆರಡೂ ಒಂದನ್ನೊಂದು ಸಮೀಪಿಸುವ ಎಡೆಯಿದು. ಉಷ್ಣವಲಯದವರಾದ ನಮಗೆ ವರ್ಷಕ್ಕೆ ಎರಡು ಸಲ, ಏಪ್ರಿಲ್ 21ರ ಮತ್ತು ಆಗಸ್ಟ್ 22ರ ಸುಮಾರಿಗೆ, ಸೂರ್ಯನು ನೆತ್ತಿಯ ಮೇಲೆ ನಿಲ್ಲುವನು. ಆ ಮಧ್ಯಾಹ್ನ ಅಂಗಳದಲ್ಲಿ ಒಂದು ಕೋಲನ್ನು ನೆಟ್ಟಗೆ ನೆಟ್ಟರೆ ನೆರಳೇ ಕಾಣದು. ಮಕ್ಕಳು ಮಾಡಿ ನೋಡಬಹುದು, ಖರ್ಚಿಲ್ಲದ ಪ್ರಯೋಗ.

ಆಷಾಢದಲ್ಲಿ ಪಶ್ಚಿಮದ ಕಡಲಿನಿಂದ ಬರುವ ಮೋಡಗಳು ವಯನಾಡಿನ ಬೆಟ್ಟಗಳಲ್ಲಿಯೂ, 2,637 ಮೀಟರು ಎತ್ತರದ ದೊಡ್ಡಬೆಟ್ಟವನ್ನುಳ್ಳ ನೀಲಗಿರಿಯಲ್ಲಿಯೂ ತಮ್ಮ ಹೊರೆಯನ್ನು ಇಳಿಸಿಬಿಡುವುವು. ನಮಗುಳಿಯುವುದು ಬರಿಯ ಗಾಳಿ, ತುಂತುರು. ಕಾದ ನೆಲವೇ ಎಬ್ಬಿಸುವ ಭರಣಿ, ಕೃತ್ತಿಕೆಯ ಗುಡುಗುಮಳೆ ಒಂದು. ಹಸ್ತ, ಚಿತ್ತೆ, ಸ್ವಾತಿಗಳ ಹಿಂಗಾರು ಇನ್ನೊಂದು. ನಮ್ಮ ರಾಗಿ, ಹುರುಳಿಗಳು ಈ ಎರಡನ್ನು ನಂಬಿದವು. ಕಾಡಿನಲ್ಲಿಯೂ ಮಲೆನಾಡಿನ ದಟ್ಟ ಹಸುರಿಲ್ಲ. ದಿಂಡಿಗ, ಕಗ್ಗಲಿ, ನೆಲ್ಲಿ, ಬಿದಿರುಗಳದೇ ರಾಜ್ಯ.

ಇನ್ನು ಬಿದ್ದ ನೀರಿನ ಕಥೆ. ಪಶ್ಚಿಮದ ಕಡಲು ನಮಗೆ ನೇರ ಅಳತೆಯಲ್ಲಿ ಸುಮಾರು 150 ಕಿಲೋಮೀಟರು. ಪೂರ್ವದ ಕಡಲು ಸುಮಾರು 300. ಆದರೂ ನಮ್ಮ ನೀರು ಹತ್ತಿರದ ಕಡಲನ್ನು ಬಿಟ್ಟು ದೂರದ್ದನ್ನೇ ಅರಸುವುದು. ಪರ್ಯಾಯದ್ವೀಪದ ಪಡುವಣ ಅಂಚು ಎತ್ತರ, ಮೂಡಣ ಅಂಚು ತಗ್ಗು, ಅದೇ ಕಾರಣ. ತಾಳವಾಡಿಯ ಹಳ್ಳಗಳು ಬಡಗಣಕ್ಕೆ ಹರಿದು, ಚಾಮರಾಜನಗರದ ಕಡೆಯ ಚಿಕ್ಕಹೊಳೆ, ಸುವರ್ಣಾವತಿ ಜಲಾಶಯಗಳನ್ನು ತುಂಬಿ, ಕೊಳ್ಳೇಗಾಲ ಸೀಮೆಯಲ್ಲಿ ಕಾವೇರಿಗೆ ಸೇರುವುವು. ಆಮೇಲೆ ಶಿವನಸಮುದ್ರ, ಮೇಕೆದಾಟು, ಹೊಗೇನಕಲ್, ಮೆಟ್ಟೂರು. ದಿಂಬಂ ಘಟ್ಟದ ಏಣಿನ ತೆಂಕಣ ಮುಖದಲ್ಲಿ ಬಿದ್ದ ಹನಿಯಾದರೋ, 27 ತಿರುವುಗಳ ರಸ್ತೆಯಂತೆಯೇ ಕಡಿದಾಗಿ ಕೆಳಗಿಳಿದು, ಮೋಯಾರ್ ಕಣಿವೆಗೂ ಭವಾನಿಸಾಗರದ ಕಡೆಗೂ ಹೋಗುವುದು. ಒಂದೇ ಬೆಟ್ಟದಲ್ಲಿ ಬೇರಾದ ಈ ಎರಡು ಹನಿಗಳು ಎಲ್ಲೆಲ್ಲಿಯೋ ಸುತ್ತಿ ಭವಾನಿ ಪಟ್ಟಣದ ಸಂಗಮದಲ್ಲಿ ಮತ್ತೆ ಕೂಡುವುವು! ಕವಿರಾಜಮಾರ್ಗವು ಕಾವೇರಿಯನ್ನು ಕನ್ನಡ ನಾಡಿನ ತೆಂಕಣ ಎಲ್ಲೆಯೆಂದಿತು. ಆ ಎಲ್ಲೆಗೂ ತೆಂಕಣದಲ್ಲಿ ನಾವು ಕನ್ನಡವಾಡುತ್ತ, ಆ ಎಲ್ಲೆಗೇ ನೀರೆರೆಯುತ್ತಿರುವೆವು.

1956ರ ನವೆಂಬರ್ 1ರಂದು ಕೊಳ್ಳೇಗಾಲ ತಾಲ್ಲೂಕು ಮೈಸೂರು ರಾಜ್ಯಕ್ಕೆ ಸೇರಿತು. ನಾವು ಮದರಾಸು ರಾಜ್ಯದಲ್ಲಿ ಉಳಿದೆವು. 1979ರಲ್ಲಿ ಈರೋಡು ಜಿಲ್ಲೆಯವರಾದೆವು. ಹಳ್ಳಗಳು ಯಾವ ವರ್ಷದಲ್ಲಿಯೂ ದಿಕ್ಕು ಬದಲಿಸಲಿಲ್ಲ.

ಆದರೆ ಹಳ್ಳಕ್ಕೆ ನೀರು ಕೊಡುವುದು ಬೆಟ್ಟದ ಕಾಡು. ಅದನ್ನು ತಡೆದು ನೆಲಕ್ಕೆ ಇಂಗಿಸುವುದು ನಮ್ಮ ಕೆರೆಕಟ್ಟೆ. ಸತ್ಯಮಂಗಲದ ಕಾಡು 2013ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಆನೆ ಹೊಲಕ್ಕೆ ನುಗ್ಗಿದ ರಾತ್ರಿ ಕಾಡನ್ನು ಹೊಗಳುವ ಮಾತು ರೈತನಿಗೆ ರುಚಿಸದು. ಅವನ ಸಂಕಟವನ್ನು ನಾವು ಅಲ್ಲಗಳೆಯೆವು. ಬೆಳೆ ಹೋದವನಿಗೆ ಪರಿಹಾರ ಬೇಗ ದೊರೆಯಬೇಕು. ಕೆರೆಗಳ ವಿಷಯದಲ್ಲಿ ಮಾತ್ರ ಆನೆಯನ್ನು ದೂರುವಂತಿಲ್ಲ. ಹೂಳು ತುಂಬಿದುದನ್ನು ನೋಡಿಯೂ ನೋಡದಂತೆ ನಾವು ಕೊಳವೆಬಾವಿಯನ್ನು ಇನ್ನಷ್ಟು ಆಳಕ್ಕೆ ಕೊರೆಸುತ್ತಿರುವೆವು. ಕೆಳಗಿನ ನೀರು ಕೂಡ ಮೇಲಿನ ಮಳೆಯದೇ ಅಲ್ಲವೇ?

ಈ ವರ್ಷದ ಹಿಂಗಾರು ಮುಗಿದ ಕೂಡಲೇ ನಮ್ಮ ಪ್ರೌಢಶಾಲೆಯ ಮಕ್ಕಳೊಡನೆ ಊರಿನ ಹಳ್ಳದ ಗುಂಟ ನಡೆದು, ಅದರ ಕೆರೆ, ಕಟ್ಟೆ, ಕಾಲುವೆ, ಒತ್ತುವರಿಗಳೊಂದನ್ನೂ ಬಿಡದೆ ನಕ್ಷೆ ಬರೆಯಬೇಕೆಂದಿರುವೆವು. ಹೆಸರುಗಳನ್ನು ಕನ್ನಡದಲ್ಲಿಯೂ ತಮಿಳಿನಲ್ಲಿಯೂ ಬರೆಯುವೆವು. ಕಚೇರಿಗೆ ಕೊಡಲು ಅನುಕೂಲ. ಹಳೆಯ ತೂಬುಗಳ ಹೆಸರು ಬಲ್ಲ ಹಿರಿಯರು ಇಲ್ಲಿ ಹಲವರಿದ್ದೀರಿ. ನಡೆಯಬಲ್ಲವರು ದಯವಿಟ್ಟು ಜೊತೆಗೆ ಬನ್ನಿರಿ. ಆಗದವರ ಮನೆಗೆ ಮಕ್ಕಳೇ ಬಂದು ಬರೆದುಕೊಳ್ಳುವರು.